ಗ್ಲಾಸಿನ ನೀರು, ಟೈಟಾನಿಕ್‌ನ ಹಲಗೆ: ಸಿನಿಮಾದ ಯಾವ ತಪ್ಪು ನಿಜಕ್ಕೂ ತಪ್ಪು?

ಪ್ರಶ್ನೆ: ಸರ್, ಶನಿವಾರ ರಾತ್ರಿ ಮನೆಮಂದಿಯೆಲ್ಲ ಸೇರಿ ಸಿನಿಮಾ ನೋಡುವುದು ನಮ್ಮಲ್ಲಿ ರೂಢಿ. ನನ್ನ ಮೈದುನ ಮಾತ್ರ ಮಧ್ಯೆ ಮಧ್ಯೆ ರಿಮೋಟ್ ಒತ್ತಿ ನಿಲ್ಲಿಸಿ, ‘ಅತ್ತಿಗೆ, ನೋಡಿ, ಈಗಷ್ಟೇ ಅರ್ಧ ಇದ್ದ ಗ್ಲಾಸು ತುಂಬಿದೆ’ ಎಂದು ತೋರಿಸುತ್ತಾನೆ. ಮೊನ್ನೆ ‘ಟೈಟಾನಿಕ್’ ಹಾಕಿದಾಗ, ಹಡಗು ಮುಳುಗಿದ ಮೇಲೆ ನಾಯಕಿ ಹತ್ತುವ ಆ ಹಲಗೆಯ ಮೇಲೆ ಇಬ್ಬರಿಗೂ ಜಾಗವಿತ್ತು, ನಾಯಕನನ್ನು ನಿರ್ದೇಶಕರು ಬೇಕೆಂದೇ ಸಾಯಿಸಿದರು ಎಂದು ದೊಡ್ಡ ವಾದವೇ ನಡೆಯಿತು. ಕೋಟಿಗಟ್ಟಲೆ ಸುರಿದು ಮಾಡುವ ಸಿನಿಮಾಗಳಲ್ಲಿ ಇಂಥ ತಪ್ಪುಗಳು ಹೇಗೆ ಉಳಿಯುತ್ತವೆ? ತಪ್ಪಿದ್ದ ಮಾತ್ರಕ್ಕೆ ಸಿನಿಮಾ ಕೆಟ್ಟದ್ದೇ? ನಾನು ದಿನಾ ನೋಡುವ ಧಾರಾವಾಹಿಗಳಿಗೂ ಇದೇ ಲೆಕ್ಕವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಮೈದುನನ ಕಣ್ಣು ಚುರುಕು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಂಥ ಕಣ್ಣಿರುವ ಸಹಾಯಕರು ಸಿಕ್ಕರೆ ನಮ್ಮಂಥ ಸಂಕಲನಕಾರರು ಬಿಡುವುದಿಲ್ಲ. ಆದರೆ ಗ್ಲಾಸಿನ ನೀರನ್ನೂ ಟೈಟಾನಿಕ್‌ನ ಹಲಗೆಯನ್ನೂ ಅವರು ಒಂದೇ ತಕ್ಕಡಿಗೆ ಹಾಕುತ್ತಿದ್ದಾರೆ. ಮೊದಲನೆಯದು ಚಿತ್ರೀಕರಣಕ್ಕೆ ಸಂಬಂಧಿಸಿದ್ದು, ನಾವು ಕಂಟಿನ್ಯೂಟಿ ಎನ್ನುವುದು ಅದನ್ನೇ. ಎರಡನೆಯದು ಕಥೆಗೆ ಸಂಬಂಧಿಸಿದ್ದು. ಇವೆರಡನ್ನೂ ಬೇರೆ ಬೇರೆಯಾಗಿ ವಿಚಾರಿಸಬೇಕು. ನನ್ನ ಅನುಭವದಲ್ಲಿ, ಜನ ಎತ್ತಿ ತೋರಿಸುವ ‘ತಪ್ಪು’ಗಳಲ್ಲಿ ಬಹಳಷ್ಟು ಆ ದೃಶ್ಯವನ್ನು ಇನ್ನೊಮ್ಮೆ ಗಮನವಿಟ್ಟು ನೋಡಿದರೆ ಕರಗಿಹೋಗುತ್ತವೆ. ಕರಗದೆ ಉಳಿಯುವಂಥವೇ ಚರ್ಚೆಗೆ ಯೋಗ್ಯವಾದವು.

ಗ್ಲಾಸಿನಿಂದಲೇ ಶುರು ಮಾಡೋಣ. ಒಂದು ಊಟದ ಮೇಜು, ಅಪ್ಪ–ಮಗ ಎದುರುಬದುರು ಕೂತಿದ್ದಾರೆ, ಜಮೀನು ಮಾರುವ ವಿಷಯಕ್ಕೆ ಮಾತು ಬಿಸಿಯಾಗುತ್ತಿದೆ ಎಂದುಕೊಳ್ಳಿ. ತೆರೆಯ ಮೇಲೆ ಎರಡು ನಿಮಿಷದ ದೃಶ್ಯ. ಸೆಟ್ಟಿನಲ್ಲಿ ಅದಕ್ಕೆ ಅರ್ಧ ದಿನ ಬೇಕು. ಮೊದಲು ಇಬ್ಬರೂ ಕಾಣುವಂತೆ ಮಾಸ್ಟರ್ ಶಾಟ್. ಆಮೇಲೆ ಮಗನ ಹೆಗಲ ಮೇಲಿಂದ ಅಪ್ಪನನ್ನು ತೋರಿಸುವ ಸಜೆಷನ್ ಶಾಟ್, ಲೈಟುಗಳನ್ನೆಲ್ಲ ತಿರುಗಿಸಿ ಅದರ ಎದುರು ಭಾಗ, ಬಳಿಕ ಇಬ್ಬರ ಕ್ಲೋಸಪ್‌ಗಳು. ಪ್ರತಿಯೊಂದಕ್ಕೂ ಮೂರೋ ನಾಲ್ಕೋ ಟೇಕ್. ಅಂದರೆ ಅದೇ ಮಾತು, ಅದೇ ತುತ್ತು, ಅದೇ ಗುಟುಕು ನೀರು ಹತ್ತಾರು ಸಲ ನಡೆಯುತ್ತದೆ. ‘ಅಜ್ಜ ನೆಟ್ಟ ತೋಟ’ ಎನ್ನುವಾಗ ಅಪ್ಪ ಗ್ಲಾಸ್ ಎತ್ತಿದರೋ, ‘ತೋಟ’ ಮುಗಿದ ಮೇಲೆ ಎತ್ತಿದರೋ, ಎಡಗೈಯೋ ಬಲಗೈಯೋ, ಅನ್ನದ ಗುಡ್ಡೆ ಯಾವ ಕಡೆ ಕುಸಿದಿತ್ತು – ಇದನ್ನೆಲ್ಲ ಒಬ್ಬರು ಬರೆದಿಡಬೇಕು. ಹಾಲಿವುಡ್‌ನಲ್ಲಿ ಇದಕ್ಕೆಂದೇ ಸ್ಕ್ರಿಪ್ಟ್ ಸೂಪರ್‌ವೈಸರ್ ಎಂಬ ಹುದ್ದೆಯಿದೆ. ನಮ್ಮಲ್ಲಿ ಇದು ಸಾಮಾನ್ಯವಾಗಿ ಸಹಾಯಕ ನಿರ್ದೇಶಕರ ತಲೆಗೆ ಬೀಳುತ್ತದೆ. ಕ್ಲಾಪ್ ಹೊಡೆಯುವುದು, ಕಲಾವಿದರಿಗೆ ಸಂಭಾಷಣೆ ಓದಿ ಹೇಳುವುದು, ಜೂನಿಯರ್ ಕಲಾವಿದರನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವುದು, ಇವುಗಳ ನಡುವೆಯೇ ಡ್ರೆಸ್ ಕಂಟಿನ್ಯೂಟಿಯ ಪಟ್ಟಿ ಹಿಡಿದು ಓಡಾಡುವ ಹುಡುಗ ಹುಡುಗಿಯರು ಅವರು. ಹಿಂದೆ ನೋಟ್‌ಬುಕ್ಕು, ಆಮೇಲೆ ಪೋಲರಾಯ್ಡ್ ಫೋಟೊ, ಈಗ ಮೊಬೈಲ್. ಮೊಬೈಲ್ ಬಂದ ಮೇಲೆ ತಪ್ಪು ಕಡಿಮೆಯಾಗಿದೆ ನಿಜ, ಆದರೆ ಟೇಕ್‌ಗಳ ನಡುವೆ ಊಟ ಬಡಿಸುವ ಹುಡುಗ ಬಂದು ಒಳ್ಳೆಯ ಮನಸ್ಸಿನಿಂದ ಗ್ಲಾಸು ತುಂಬಿಸಿ ಹೋದರೆ ಯಾವ ಮೊಬೈಲ್ ಏನು ಮಾಡೀತು?

ದೃಶ್ಯಗಳನ್ನು ಕಥೆಯ ಕ್ರಮದಲ್ಲಿ ತೆಗೆಯುವುದೂ ಇಲ್ಲ. ಮನೆ ಬಾಡಿಗೆಗೆ ಸಿಕ್ಕ ನಾಲ್ಕು ದಿನದಲ್ಲಿ ಆ ಮನೆಯ ಎಲ್ಲ ದೃಶ್ಯಗಳೂ ಮುಗಿಯಬೇಕು. ಇಬ್ಬರು ದೊಡ್ಡ ಕಲಾವಿದರ ಕಾಂಬಿನೇಷನ್ ಸಿಗುವುದು ಒಂದು ದಿನ ಮಾತ್ರ, ಉಳಿದ ದಿನ ಒಬ್ಬರ ಎದುರು ಡೂಪ್ ನಿಲ್ಲಿಸಿ ಸಜೆಷನ್ ತೆಗೆಯುತ್ತಾರೆ. ನಾಯಕ ಬಾಗಿಲು ದಾಟಿ ಹೊರಗೆ ಬಂದ ಶಾಟ್ ಬೆಂಗಳೂರಿನದು, ಅಂಗಳಕ್ಕೆ ಕಾಲಿಟ್ಟ ಶಾಟ್ ಎರಡು ತಿಂಗಳ ಬಳಿಕ ಸಕಲೇಶಪುರದ್ದು ಇರಬಹುದು. ಮಧ್ಯೆ ಅವರ ಕೂದಲು ಒಂದಿಂಚು ಬೆಳೆದಿರುತ್ತದೆ.

ಇಷ್ಟೆಲ್ಲ ಮುಗಿದು ರಶಸ್, ಅಂದರೆ ಚಿತ್ರೀಕರಿಸಿದ ಕಚ್ಚಾ ತುಣುಕುಗಳು, ನಮ್ಮ ಮೇಜಿಗೆ ಬರುತ್ತವೆ. ಅಪ್ಪನ ಕ್ಲೋಸಪ್ ಎರಡನೇ ಟೇಕಿನಲ್ಲಿ ಗ್ಲಾಸು ಸರಿಯಾಗಿ ಅರ್ಧಕ್ಕಿದೆ, ಕೈ ಸರಿಯಾದ ಜಾಗದಲ್ಲಿದೆ, ಆದರೆ ಮುಖದಲ್ಲಿ ಏನೂ ಇಲ್ಲ. ಐದನೇ ಟೇಕಿನಲ್ಲಿ ‘ಅಜ್ಜ’ ಎನ್ನುವಾಗ ಆ ಕಲಾವಿದರ ಗಂಟಲು ಸಣ್ಣಗೆ ಒಡೆದಿದೆ, ಮಾತು ನುಂಗಿಕೊಂಡು ಅವರು ಕೆಳಗೆ ನೋಡಿದ್ದಾರೆ. ಗ್ಲಾಸು ಮಾತ್ರ ತುಂಬಿದೆ. ನಾನು ಐದನೆಯದನ್ನೇ ಹಾಕುತ್ತೇನೆ. ಯೋಚಿಸಿ, ಗ್ಲಾಸು ಗೊತ್ತಿದ್ದೂ ಹಾಕುತ್ತೇನೆ. ನಿಮ್ಮ ಮೈದುನ ಅಸಡ್ಡೆ ಎಂದುಕೊಂಡದ್ದು ಹೆಚ್ಚಿನ ಸಲ ಇಂಥ ಆಯ್ಕೆಯೇ ಆಗಿರುತ್ತದೆ.

ಇದು ನನ್ನೊಬ್ಬನ ಹಟವಲ್ಲ. ‘ಅಪೋಕ್ಯಾಲಿಪ್ಸ್ ನೌ’, ‘ದಿ ಇಂಗ್ಲಿಷ್ ಪೇಷಂಟ್’ ಚಿತ್ರಗಳ ಸಂಕಲನಕಾರ ವಾಲ್ಟರ್ ಮರ್ಚ್, ಒಂದು ಕಟ್ (ಒಂದು ಶಾಟ್‌ನಿಂದ ಇನ್ನೊಂದಕ್ಕೆ ಹೋಗುವುದು) ಸರಿಯೋ ಅಲ್ಲವೋ ಎಂದು ತೂಗಲು ಆರು ಅಳತೆಗಳನ್ನು ಇಟ್ಟುಕೊಂಡು ಪ್ರತಿಯೊಂದಕ್ಕೂ ಅಂಕ ಕೊಟ್ಟಿದ್ದಾರೆ. ಭಾವಕ್ಕೆ ನೂರಕ್ಕೆ 51. ಕಥೆಗೆ 23. ಲಯಕ್ಕೆ 10. ನೋಡುವವರ ಕಣ್ಣು ತೆರೆಯ ಯಾವ ಭಾಗದಲ್ಲಿದೆ ಎನ್ನುವುದಕ್ಕೆ 7. ಚೌಕಟ್ಟಿನೊಳಗಿನ ಎಡ–ಬಲದ ಹೊಂದಾಣಿಕೆಗೆ 5. ಯಾರು ಎಲ್ಲಿ ನಿಂತಿದ್ದಾರೆ, ಯಾವ ವಸ್ತು ಎಲ್ಲಿತ್ತು ಎಂಬ ಜಾಗದ ಲೆಕ್ಕಕ್ಕೆ ಕೊನೆಗೆ ಉಳಿಯುವುದು 4. ಆರೂ ಕೂಡಿಬಂದರೆ ಒಳ್ಳೆಯದೇ. ಏನಾದರೂ ಬಿಡಲೇಬೇಕಾದರೆ ಕೆಳಗಿನಿಂದ ಬಿಡಬೇಕು, ಮೇಲಿನದನ್ನು ಎಂದಿಗೂ ಬಿಡಬಾರದು ಎನ್ನುವುದು ಅವರ ಮಾತಿನ ಸಾರ. ಈ ಅಂಕಗಳನ್ನು ಗಣಿತದ ಹಾಗೆ ಹಿಡಿಯಬೇಕಿಲ್ಲ, ಆದರೆ ಆ ಕ್ರಮವನ್ನು ನಾನು ಪೂರ್ತಿ ಒಪ್ಪುತ್ತೇನೆ.

ಕ್ರಮ ಹೀಗಿರುವುದಕ್ಕೆ ನಮ್ಮ ಕಣ್ಣೂ ಕಾರಣ. 1997ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಲೆವಿನ್ ಮತ್ತು ಡೇನಿಯಲ್ ಸೈಮನ್ಸ್ ಇದನ್ನು ಪರೀಕ್ಷೆಗೇ ಇಟ್ಟರು. ಇಬ್ಬರು ಹೆಂಗಸರು ಮೇಜಿನ ಎದುರು ಕೂತು ಮಾತಾಡುವ ಪುಟ್ಟ ಚಿತ್ರವೊಂದನ್ನು ತೆಗೆದು, ಕಟ್‌ನಿಂದ ಕಟ್‌ಗೆ ಬೇಕೆಂದೇ ವಸ್ತುಗಳನ್ನು ಬದಲಿಸಿದರು. ಒಬ್ಬಳ ಕೊರಳಲ್ಲಿದ್ದ ಸ್ಕಾರ್ಫ್ ಮಾಯವಾಗುತ್ತದೆ, ಕೆಂಪು ತಟ್ಟೆಗಳು ಬಿಳಿಯಾಗುತ್ತವೆ. ನೋಡಿದವರಲ್ಲಿ ಹೆಚ್ಚುಕಡಿಮೆ ಯಾರಿಗೂ ಅದು ಹೊಳೆಯಲಿಲ್ಲ. ಇನ್ನೊಂದು ಚಿತ್ರದಲ್ಲಿ ಮೇಜಿನಿಂದ ಎದ್ದು ಫೋನ್ ಎತ್ತಲು ಹೋಗುವ ವ್ಯಕ್ತಿಯನ್ನೇ ಕಟ್ ಆದಾಗ ಬದಲಿಸಿ, ಬೇರೆ ನಟರನ್ನು ಬೇರೆ ಬಟ್ಟೆಯಲ್ಲಿ ನಿಲ್ಲಿಸಿದರು. ಮೂವರಲ್ಲಿ ಇಬ್ಬರು ಅದನ್ನೂ ಗಮನಿಸಲಿಲ್ಲ. ಇದು ಬುದ್ಧಿಯ ಕೊರತೆಯಲ್ಲ. ಮನುಷ್ಯರ ಮನಸ್ಸು ಮಾತಿನ ಹಿಂದೆ, ಮುಖದ ಹಿಂದೆ, ‘ಮುಂದೇನು’ ಎಂಬುದರ ಹಿಂದೆ ಹೋಗುವುದರಿಂದ ತಟ್ಟೆಯ ಬಣ್ಣವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ.

2019ರ ಮೇ ತಿಂಗಳಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಸರಣಿಯ ಕೊನೆಯ ಸೀಸನ್ನಿನ ನಾಲ್ಕನೇ ಕಂತಿನಲ್ಲಿ, ಕಾಲ್ಪನಿಕ ರಾಜ್ಯದ ಔತಣಕೂಟದಲ್ಲಿ, ಡೇನೆರಿಸ್ ರಾಣಿಯ ಎದುರಿಗೇ ಮುಚ್ಚಳವಿರುವ ಕಾಫಿ ಕಪ್ ಉಳಿದುಬಿಟ್ಟದ್ದು ನಿಮ್ಮ ಮೈದುನನಿಗೂ ಗೊತ್ತಿರಬೇಕು. ಅಷ್ಟೊಂದು ಜನ ನೋಡಿ ಪಾಸು ಮಾಡಿದ ಕಂತಿನಲ್ಲಿ ಅದು ಹೇಗೆ ಉಳಿಯಿತು ಎಂದು ಇಡೀ ಜಗತ್ತು ಕೇಳಿತು. ಅದನ್ನು ನೋಡಿದ ಸಂಕಲನಕಾರರೂ ಮುಖಗಳನ್ನೇ ನೋಡುತ್ತಿದ್ದರು ಎನ್ನುವುದು ನನಗೆ ಸಾಕಾಗುವ ಉತ್ತರ. ಸರಣಿಯನ್ನು ಪ್ರಸಾರ ಮಾಡಿದ ಎಚ್‌ಬಿಒ ವಾಹಿನಿ ತಪ್ಪೊಪ್ಪಿಕೊಂಡು, ಎರಡು ದಿನದೊಳಗೆ ಸ್ಟ್ರೀಮಿಂಗ್ ಪ್ರತಿಯಿಂದ ಕಪ್ಪನ್ನು ಅಳಿಸಿಹಾಕಿತು. ಹಿಚ್‌ಕಾಕ್‌ನಂಥ ಕರಾರುವಾಕ್ಕು ಮನುಷ್ಯನ ‘ನಾರ್ತ್ ಬೈ ನಾರ್ತ್‌ವೆಸ್ಟ್’ (1959) ಚಿತ್ರದಲ್ಲೂ ಇಂಥದ್ದಿದೆ. ಮೌಂಟ್ ರಶ್‌ಮೋರ್‌ನ ಕ್ಯಾಂಟೀನಿನಲ್ಲಿ ನಾಯಕಿ ಪಿಸ್ತೂಲು ಹಾರಿಸುವ ಮುಂಚೆಯೇ ಹಿಂದೆ ಕೂತ ಪುಟ್ಟ ಹುಡುಗ ಎರಡೂ ಕಿವಿ ಮುಚ್ಚಿಕೊಳ್ಳುತ್ತಾನೆ. ರಿಹರ್ಸಲ್‌ನಲ್ಲಿ ಶಬ್ದ ಕೇಳಿ ಕೇಳಿ ಆ ಮಗುವಿಗೆ ಸಾಕಾಗಿರಬೇಕು. ನಾನು ಆ ಚಿತ್ರವನ್ನು ಪಾಠ ಮಾಡುವಾಗಲೆಲ್ಲ ವಿದ್ಯಾರ್ಥಿಗಳಿಗೆ ಇದನ್ನು ತೋರಿಸುತ್ತೇನೆ. ತೋರಿಸುವವರೆಗೆ ಕಂಡವರು ತೀರಾ ವಿರಳ, ತೋರಿಸಿದ ಮೇಲೆ ಕಾಣದಿರುವವರೇ ಇಲ್ಲ. ಹಾಗಾಗಿ ಮೊದಲ ಸಲ ನೋಡುತ್ತಿರುವವರ ಎದುರು ಸಿನಿಮಾ ನಿಲ್ಲಿಸಿ ತೋರಿಸುವುದು ಬೇಡ ಎಂದು ನಿಮ್ಮ ಮೈದುನನಿಗೆ ನನ್ನ ವಿನಂತಿ. ಒಮ್ಮೆ ತೋರಿಸಿದರೆ ಆ ದೃಶ್ಯ ಇನ್ನೊಬ್ಬರಿಗೆ ಮೊದಲಿನ ಹಾಗೆ ದಕ್ಕುವುದಿಲ್ಲ.

ಹಾಗಾದರೆ ಕಂಟಿನ್ಯೂಟಿ ತಪ್ಪಿದರೆ ಯಾವಾಗಲೂ ಮಾಫಿಯೇ? ಇಲ್ಲ. ಯಾರು ಎಲ್ಲಿದ್ದಾರೆ ಎಂಬುದರ ಮೇಲೆಯೇ ದೃಶ್ಯದ ಜೀವ ನಿಂತಿರುವಾಗ ಜಾಗದ ಲೆಕ್ಕ ತಪ್ಪಬಾರದು. ‘ಜುರಾಸಿಕ್ ಪಾರ್ಕ್’ (1993) ಚಿತ್ರದಲ್ಲಿ ಟಿ. ರೆಕ್ಸ್ ಎಂಬ ದೈತ್ಯ ಡೈನೊಸಾರ್ ಬರುವ ದೃಶ್ಯ ನೆನಪಿಸಿಕೊಳ್ಳಿ. ಅದರ ಆಹಾರಕ್ಕೆಂದು ಮೇಕೆ ಕಟ್ಟಿದ್ದ ನೆಲ ರಸ್ತೆಯ ಮಟ್ಟಕ್ಕೇ ಇತ್ತು, ಡೈನೊಸಾರ್ ಅಲ್ಲಿಂದಲೇ ಬೇಲಿ ಮುರಿದು ರಸ್ತೆಗೆ ಬಂತು. ಕೆಲವೇ ನಿಮಿಷದಲ್ಲಿ ಕಾರು ಅದೇ ಬೇಲಿಯ ಆಚೆ ಉರುಳಿದಾಗ ಅಲ್ಲೊಂದು ಆಳವಾದ ಪ್ರಪಾತವಿದೆ. ದೃಶ್ಯ ಎಷ್ಟು ಬಲವಾಗಿದೆಯೆಂದರೆ ಮೊದಲ ಸಲ ಉಸಿರು ಬಿಗಿಹಿಡಿದು ನೋಡಿದವರು ಇದನ್ನು ಕೇಳುವುದಿಲ್ಲ. ಆದರೂ ಕಾಫಿ ಕಪ್ಪಿಗಿಂತ ಇದು ನನ್ನ ಲೆಕ್ಕದಲ್ಲಿ ದೊಡ್ಡ ದೋಷ. ಕಪ್ ಇದ್ದರೂ ಇಲ್ಲದಿದ್ದರೂ ರಾಣಿಯ ಒಂಟಿತನ ಅಷ್ಟೇ ಇರುತ್ತದೆ. ಆದರೆ ಕಾರಿನಲ್ಲಿದ್ದ ಮಕ್ಕಳು ಎಲ್ಲಿಗೆ ಓಡಬಹುದು, ಎಲ್ಲಿ ಸಿಕ್ಕಿಬೀಳುತ್ತಾರೆ ಎಂಬ ಭಯವೆಲ್ಲ ಆ ನೆಲದ ಮೇಲೆಯೇ ನಿಂತಿದೆ.

ಇನ್ನು ವಾಸ್ತವದ ತಪ್ಪುಗಳು. ‘ಟೈಟಾನಿಕ್’ (1997) ಚಿತ್ರದಲ್ಲಿ ನಾಯಕ ಜ್ಯಾಕ್, ತಾನು ಚಿಕ್ಕವನಿದ್ದಾಗ ವಿಸೋಟಾ ಸರೋವರದ ಮಂಜುಗಡ್ಡೆ ಒಡೆದು ನೀರಿಗೆ ಬಿದ್ದೆ ಎನ್ನುತ್ತಾನೆ. ಹಡಗು ಮುಳುಗಿದ್ದು 1912ರಲ್ಲಿ. ವಿಸ್ಕಾನ್ಸಿನ್‌ನ ಆ ಸರೋವರ ಹುಟ್ಟಿದ್ದು ಅಣೆಕಟ್ಟು ಕಟ್ಟಿದ ಮೇಲೆ, 1917ರ ಹೊತ್ತಿಗೆ. ಇದು ನಿಜವಾದ ತಪ್ಪು, ಆದರೆ ಇದರಿಂದ ಕಥೆಗೆ ಕಿಂಚಿತ್ತೂ ಕುಂದಿಲ್ಲ. ಹುಡುಗನಿಗೆ ತಣ್ಣೀರಿನ ಕೊರೆತ ಏನೆಂದು ಗೊತ್ತು ಎಂದಷ್ಟೇ ನಾವು ತಿಳಿಯಬೇಕಿತ್ತು, ತಿಳಿದೆವು. ಅದೇ ಚಿತ್ರದಲ್ಲಿ ನಾಯಕಿ ರೋಸ್ ನೀರಿನ ಮೇಲೆ ತೇಲುತ್ತಾ ನೋಡುವ ಆಕಾಶದ ನಕ್ಷತ್ರಗಳು ಆ ರಾತ್ರಿಯವಲ್ಲ ಎಂದು ಖಗೋಳ ವಿಜ್ಞಾನಿ ನೀಲ್ ಡಿಗ್ರಾಸ್ ಟೈಸನ್ ಆಕ್ಷೇಪಿಸಿದರು. 2012ರಲ್ಲಿ ಚಿತ್ರವನ್ನು 3ಡಿಯಲ್ಲಿ ಮತ್ತೆ ಬಿಡುಗಡೆ ಮಾಡುವಾಗ ನಿರ್ದೇಶಕ ಜೇಮ್ಸ್ ಕ್ಯಾಮರೂನ್ ಆ ಆಕಾಶವನ್ನು ತಿದ್ದಿಸಿದರು. ಹಡಗಿನ ಪಿಂಗಾಣಿ ತಟ್ಟೆಯವರೆಗೂ ನೈಜತೆ ಎಂದು ಪಟ್ಟುಹಿಡಿದ ನಿರ್ದೇಶಕ ಅವರು. ಆಕಾಶದ ಲೆಕ್ಕವನ್ನು ಅವರಿಂದ ಕೇಳುವುದು ನ್ಯಾಯವೇ ಆಗಿತ್ತು, ಅವರು ತಿದ್ದಿದ್ದೂ ದೊಡ್ಡತನವೇ. ಚಿತ್ರ ತಾನಾಗಿ ಯಾವ ಭರವಸೆ ಕೊಟ್ಟಿದೆಯೋ ಅದರ ಲೆಕ್ಕವನ್ನು ಕೇಳಬಹುದು. ಪುರಾಣದ ಕಥೆ ಹೇಳುವ ಚಿತ್ರದ ಕಿರೀಟ ಯಾವ ಶತಮಾನದ್ದು ಎಂದು ಕೇಳುವುದರಲ್ಲಿ ಹುರುಳಿಲ್ಲ.

ಈಗ ಹಲಗೆ. ಇದು ಕಥೆಯ ತಪ್ಪೆಂದು ಜಗತ್ತಿನಾದ್ಯಂತ ವಾದ ನಡೆದಿರುವುದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ವಾದ ಮಾಡುವವರು ಜಾಗ ಅಳೆಯುತ್ತಾರೆ, ಇಬ್ಬರು ಮಲಗಬಹುದಿತ್ತು ಎನ್ನುತ್ತಾರೆ. ಆದರೆ ಚಿತ್ರದಲ್ಲಿ ಪ್ರಶ್ನೆ ಜಾಗದ್ದೇ ಅಲ್ಲ. ದೃಶ್ಯ ಮತ್ತೆ ನೋಡಿ: ರೋಸ್ ಹತ್ತಿದ ಮೇಲೆ ಜ್ಯಾಕ್ ಕೂಡ ಹತ್ತಲು ಹೋಗುತ್ತಾನೆ. ಹಲಗೆ ವಾಲಿ ಇಬ್ಬರೂ ನೀರಿಗೆ ಬೀಳುತ್ತಾರೆ. ಆಗ ಅವನು ಅವಳನ್ನು ಮತ್ತೆ ಹತ್ತಿಸಿ, ತಾನು ನೀರಿನಲ್ಲೇ ಉಳಿಯುತ್ತಾನೆ. ಹಲಗೆ ಅಗಲವಾಗಿದ್ದರೇನು, ಇಬ್ಬರ ತೂಕವನ್ನು ನೀರಿನ ಮೇಲೆ ಎತ್ತಿಹಿಡಿಯುವ ತಾಕತ್ತು ಅದಕ್ಕಿರಬೇಕಲ್ಲ. ಅಂದಹಾಗೆ ಅದು ಪೂರ್ತಿ ಕಲ್ಪನೆಯ ವಸ್ತುವೂ ಅಲ್ಲ. ಹಡಗಿನ ಅವಶೇಷವಾಗಿ ಸಿಕ್ಕಿ ಕೆನಡಾದ ಹ್ಯಾಲಿಫ್ಯಾಕ್ಸ್‌ನ ಸಾಗರ ವಸ್ತುಸಂಗ್ರಹಾಲಯದಲ್ಲಿರುವ ಕೆತ್ತನೆಯ ಮರದ ತುಂಡಿನ ಮಾದರಿಯಲ್ಲಿ ಮಾಡಿದ್ದು. ಚಿತ್ರದಲ್ಲಿ ಬಳಸಿದ ಆ ಹಲಗೆ 2024ರಲ್ಲಿ ಅಮೆರಿಕದಲ್ಲಿ 7,18,750 ಡಾಲರ್‌ಗೆ ಹರಾಜಾಯಿತು. ಜನ ಅದರ ಮೇಲೆ ಎಷ್ಟು ಮನಸ್ಸಿಟ್ಟಿದ್ದಾರೆ ನೋಡಿ.

ಜನಪ್ರಿಯ ನಂಬಿಕೆಗಳನ್ನು ಪ್ರಯೋಗ ಮಾಡಿ ಪರೀಕ್ಷಿಸುವ ‘ಮಿತ್‌ಬಸ್ಟರ್ಸ್’ ಟಿವಿ ಕಾರ್ಯಕ್ರಮದವರು 2012ರಲ್ಲಿ ಇದನ್ನು ಪರೀಕ್ಷಿಸಿ, ರೋಸ್ ತೊಟ್ಟಿದ್ದ ಲೈಫ್ ಜಾಕೆಟ್ಟನ್ನು ಹಲಗೆಯ ಅಡಿಗೆ ಕಟ್ಟಿದ್ದರೆ ಇಬ್ಬರೂ ತೇಲಬಹುದಿತ್ತು ಎಂದರು. 2023ರಲ್ಲಿ ಸ್ವತಃ ಕ್ಯಾಮರೂನ್ ಸಾಕ್ಷ್ಯಚಿತ್ರವೊಂದಕ್ಕಾಗಿ ಇಬ್ಬರು ಸಾಹಸ ಕಲಾವಿದರನ್ನು ತಣ್ಣೀರಿನ ಕೊಳಕ್ಕೆ ಇಳಿಸಿ ಬೇರೆ ಬೇರೆ ಭಂಗಿಗಳಲ್ಲಿ ನೋಡಿದರು. ಇಬ್ಬರ ಎದೆಯ ಭಾಗವೂ ನೀರಿನಿಂದ ಮೇಲಿರುವ ಹಾಗೆ ಹೊಂದಿಸಿಕೊಂಡರೆ ಜ್ಯಾಕ್ ಬಹುಶಃ ಬದುಕಬಹುದಿತ್ತು ಎಂದು ಅವರೂ ಒಪ್ಪಿದರು. ನಿಮ್ಮ ಮೈದುನ ಇಲ್ಲಿ ‘ನೋಡಿದಿರಾ, ನಾನು ಗೆದ್ದೆ’ ಎನ್ನಬಹುದು. ನಾನು ಒಪ್ಪುವುದಿಲ್ಲ. ಕೊಳದಲ್ಲಿ ನಾಲ್ಕು ಸಲ ಪ್ರಯತ್ನಿಸಿ, ಉಷ್ಣಾಂಶ ಅಳೆಯುವ ಸಾಧನ ಮೈಗೆ ಕಟ್ಟಿಕೊಂಡು ಕಂಡುಕೊಂಡ ಉಪಾಯವದು. ಮೈನಸ್ ಎರಡು ಡಿಗ್ರಿಯ ಆಸುಪಾಸಿನ ನೀರಿನಲ್ಲಿ, ಕತ್ತಲಲ್ಲಿ, ಸುತ್ತ ನೂರಾರು ಜನ ಕಿರುಚುತ್ತಿರುವಾಗ, ಒಮ್ಮೆ ಹಲಗೆ ಮಗುಚಿದ್ದನ್ನು ಕಂಡ ಹುಡುಗ ‘ಇನ್ನೊಮ್ಮೆ ಮಗುಚಿದರೆ ಇವಳು ಉಳಿಯುವುದಿಲ್ಲ’ ಎಂದು ತೀರ್ಮಾನಿಸುತ್ತಾನೆ. ಆ ತೀರ್ಮಾನ ತಪ್ಪಿರಬಹುದು. ಪಾತ್ರ ತಪ್ಪು ನಿರ್ಧಾರ ಮಾಡಿದರೆ ಅದು ಚಿತ್ರಕಥೆಯ ತಪ್ಪಲ್ಲ. ಅವನು ಅಲ್ಲಿಯವರೆಗೆ ಎಂಥವನಾಗಿ ಕಂಡಿದ್ದನೋ ಅಂಥವನ ನಿರ್ಧಾರವೇ ಅದು ಹೌದೋ ಅಲ್ಲವೋ ಎಂಬುದಷ್ಟೇ ನಾವು ಕೇಳಬೇಕಾದ್ದು. ಜ್ಯಾಕ್ ವಿಷಯದಲ್ಲಿ ಹೌದು.

ಸೋಫಾದ ಮೇಲೆ ಕೂತು ಪಾತ್ರಕ್ಕಿಂತ ಬುದ್ಧಿವಂತರಾಗುವುದು ಸುಲಭ. ‘ಪೊಲೀಸರಿಗೆ ಫೋನ್ ಮಾಡಬಹುದಿತ್ತಲ್ಲ’, ‘ನಿಜ ಹೇಳಿದ್ದರೆ ಕಥೆಯೇ ಮುಗಿಯುತ್ತಿತ್ತಲ್ಲ’ ಎಂಬ ಆಕ್ಷೇಪಗಳಲ್ಲಿ ಬಹುಪಾಲು ಈ ಜಾತಿಯವು. ನಮಗೆ ಗೊತ್ತಿರುವುದೆಲ್ಲ ಪಾತ್ರಕ್ಕೂ ಗೊತ್ತಿರಲೇಬೇಕೆಂದಿಲ್ಲ. ಗೊತ್ತಿದ್ದರೂ ನಾಚಿಕೆ, ಹಟ, ಭಯ ಯಾರನ್ನು ಬಿಟ್ಟಿವೆ? ನಮ್ಮ ನಮ್ಮ ಮನೆಗಳಲ್ಲೇ ಒಂದು ಫೋನ್ ಮಾಡಿದ್ದರೆ ಸರಿಹೋಗುತ್ತಿದ್ದ ಜಗಳಗಳು ವರ್ಷಗಟ್ಟಲೆ ಉಳಿದಿರುತ್ತವೆ.

ಇನ್ನೊಂದು ಬಗೆಯ ಆಕ್ಷೇಪಕ್ಕೆ ಉತ್ತರ ಚಿತ್ರದೊಳಗೇ ಇರುತ್ತದೆ, ನಾವು ಕೇಳಿಸಿಕೊಂಡಿರುವುದಿಲ್ಲ. ಆರ್ಸನ್ ವೆಲ್ಸ್ ಅವರ ‘ಸಿಟಿಜನ್ ಕೇನ್’ (1941) ಇದಕ್ಕೆ ಒಳ್ಳೆಯ ಉದಾಹರಣೆ. ಮುದುಕ ಕೇನ್ ಸಾಯುವಾಗ ‘ರೋಸ್‌ಬಡ್’ ಎನ್ನುತ್ತಾನೆ. ಆ ಒಂದು ಪದದ ಅರ್ಥ ಹುಡುಕಿಕೊಂಡು ಪತ್ರಕರ್ತನೊಬ್ಬ ಊರೂರು ಅಲೆಯುವುದೇ ಇಡೀ ಚಿತ್ರ. ಕೇನ್ ಸತ್ತದ್ದು ಒಬ್ಬನೇ ಇದ್ದಾಗ, ನರ್ಸ್ ಬಂದದ್ದು ಆಮೇಲೆ, ಹಾಗಾದರೆ ಆ ಪದವನ್ನು ಕೇಳಿದವರು ಯಾರು ಎಂದು ಜನ ದಶಕಗಳಿಂದ ಕೇಳುತ್ತಿದ್ದಾರೆ. ಆದರೆ ಚಿತ್ರದ ಕೊನೆಯ ಭಾಗದಲ್ಲಿ ಮನೆಯ ಬಟ್ಲರ್ ರೇಮಂಡ್ ಪತ್ರಕರ್ತನ ಮುಂದೆ ಬಾಯಿಬಿಟ್ಟು ಹೇಳುತ್ತಾನೆ: ಅವರು ರೋಸ್‌ಬಡ್ ಎಂದರು, ಕೈಯಲ್ಲಿದ್ದ ಗಾಜಿನ ಗೋಲ ಬಿದ್ದು ಒಡೆಯಿತು, ಆಮೇಲೆ ಮಾತಿಲ್ಲ, ಸತ್ತರೆಂದು ನನಗೆ ಗೊತ್ತಾಯಿತು ಎಂದು. ಅಂದರೆ ಅವನು ಕೇಳಿಸಿಕೊಂಡಿದ್ದ. ಆರಂಭದ ದೃಶ್ಯದಲ್ಲಿ ಕ್ಯಾಮೆರಾ ನಮಗೆ ತುಟಿಗಳನ್ನು ತೋರಿಸಿತು, ಉರುಳುವ ಗೋಲವನ್ನು ತೋರಿಸಿತು, ಗಾಜಿನ ಚೂರಿನಲ್ಲಿ ಬಾಗಿಲು ತೆರೆದು ಬರುವ ನರ್ಸನ್ನು ತೋರಿಸಿತು. ಬಟ್ಲರನನ್ನು ತೋರಿಸಲಿಲ್ಲ. ತೋರಿಸದಿದ್ದ ಮಾತ್ರಕ್ಕೆ ಇರಲಿಲ್ಲ ಎಂದು ನಾವೇ ಅಂದುಕೊಂಡೆವು.

ತೋರಿಸದೆ ಬಿಟ್ಟದ್ದೇ ಶಕ್ತಿಯಾಗುವುದೂ ಉಂಟು. ಹಿಚ್‌ಕಾಕ್‌ನ ‘ವರ್ಟಿಗೊ’ (1958) ಆರಂಭದಲ್ಲಿ ನಾಯಕ ಬಹುಮಹಡಿ ಕಟ್ಟಡದ ಸೂರಿನ ದೋಣಿ ಹಿಡಿದು ನೇತಾಡುತ್ತಿದ್ದಾನೆ, ಕಾಪಾಡಲು ಬಂದ ಪೊಲೀಸ್ ಬಿದ್ದು ಸತ್ತಿದ್ದಾನೆ, ಹತ್ತಿರ ಬೇರೆ ಯಾರೂ ಇಲ್ಲ. ಮುಂದಿನ ದೃಶ್ಯದಲ್ಲಿ ಅವನು ಗೆಳತಿಯ ಮನೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದಾನೆ. ಹೇಗೆ ಇಳಿದ? ಚಿತ್ರ ಕೊನೆಯವರೆಗೂ ಹೇಳುವುದಿಲ್ಲ. ಹೇಳಿದ್ದರೆ ನಮಗೆ ಸಮಾಧಾನವಾಗುತ್ತಿತ್ತು. ಆ ಸಮಾಧಾನ ಸಿಗದೆ ಇರುವುದರಿಂದಲೇ ಆ ಮನುಷ್ಯ ಇಡೀ ಚಿತ್ರದಲ್ಲಿ ಇನ್ನೂ ನೇತಾಡುತ್ತಿರುವ ಹಾಗೆ ಅನಿಸುತ್ತದೆ. ಇದನ್ನು ದೋಷಗಳ ಪಟ್ಟಿಗೆ ಸೇರಿಸುವವರೊಂದಿಗೆ ನಾನು ಎಷ್ಟು ಹೊತ್ತಾದರೂ ವಾದಕ್ಕೆ ಕೂರಬಲ್ಲೆ.

ಇದಕ್ಕೆ ತದ್ವಿರುದ್ಧವಾಗಿ ನಿಜವಾದ ಖಾಲಿ ಜಾಗ ಬೇಕಿದ್ದರೆ ಹೋವರ್ಡ್ ಹಾಕ್ಸ್ ನಿರ್ದೇಶಿಸಿದ ‘ದಿ ಬಿಗ್ ಸ್ಲೀಪ್’ (1946) ನೋಡಬೇಕು. ಶ್ರೀಮಂತ ಮನೆಯ ಡ್ರೈವರ್ ಓವನ್ ಟೇಲರ್‌ನ ಹೆಣ ಸಮುದ್ರಕ್ಕೆ ಬಿದ್ದ ಕಾರಿನಲ್ಲಿ ಸಿಗುತ್ತದೆ. ಕೊಂದವರು ಯಾರು? ಚಿತ್ರೀಕರಣದ ಸಮಯದಲ್ಲಿ ಚಿತ್ರತಂಡಕ್ಕೂ ಇದು ಗೊತ್ತಾಗದೆ, ಮೂಲ ಕಾದಂಬರಿ ಬರೆದ ರೇಮಂಡ್ ಚಾಂಡ್ಲರ್‌ಗೆ ತಂತಿ ಕಳುಹಿಸಿ ಕೇಳಿದರು. ತನಗೂ ಗೊತ್ತಿಲ್ಲ ಎಂಬುದೇ ಅವರ ಉತ್ತರವಾಗಿತ್ತು ಎಂದು ಚಾಂಡ್ಲರ್ ಸ್ವತಃ ಪತ್ರವೊಂದರಲ್ಲಿ ಬರೆದಿದ್ದಾರೆ. ಕೊಲೆಯ ಪತ್ತೆಯ ಕಥೆ ಹೇಳುತ್ತೇನೆಂದು ಹೊರಟು ಒಂದು ಹೆಣವನ್ನು ಲೆಕ್ಕಕ್ಕೆ ತರದೆ ಬಿಡುವುದು ದೋಷವೇ, ಅದರಲ್ಲಿ ಎರಡು ಮಾತಿಲ್ಲ. ಆದರೂ ಹಂಫ್ರಿ ಬೊಗಾರ್ಟ್ ಮತ್ತು ಲಾರೆನ್ ಬಕಾಲ್ ಒಬ್ಬರಿಗೊಬ್ಬರು ಮಾತು ಎಸೆಯುವುದನ್ನು ನೋಡಲು ಜನ ಇಂದಿಗೂ ಆ ಚಿತ್ರಕ್ಕೆ ಮರಳುತ್ತಾರೆ. ತಪ್ಪಿದ್ದ ಮಾತ್ರಕ್ಕೆ ಸಿನಿಮಾ ಕೆಟ್ಟದ್ದೇ ಎಂಬ ನಿಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ.

ನಮ್ಮ ಕಡೆಯ ಚಿತ್ರಗಳಿಗೆ ಬಂದರೆ, ಹಾಡಿನಲ್ಲಿ ಪಲ್ಲವಿಗೊಂದು ಸೀರೆ, ಚರಣಕ್ಕೊಂದು ಸೀರೆ, ಮೊದಲ ಸಾಲು ಹಂಪಿಯಲ್ಲಿ, ಎರಡನೆಯದು ಹಿಮದಲ್ಲಿ. ಇದನ್ನು ನಿಮ್ಮ ಮೈದುನ ತಪ್ಪೆಂದು ತೋರಿಸುವುದಿಲ್ಲ ಅಲ್ಲವೇ? ಹಾಡು ಎಂದರೆ ಬೇರೆಯೇ ಕಾಲ, ಬೇರೆಯೇ ಜಾಗ ಎಂಬ ಒಪ್ಪಂದ ನಮಗೂ ಚಿತ್ರಕ್ಕೂ ಮೊದಲೇ ಆಗಿದೆ. ಯಕ್ಷಗಾನದಲ್ಲಿ ವೇಷಧಾರಿ ರಂಗಸ್ಥಳಕ್ಕೆ ಸುತ್ತು ಬಂದರೆ ಕಾಡು ಕಳೆದು ಇನ್ನೊಂದು ರಾಜ್ಯ ಬಂತು ಎಂದು ಒಪ್ಪಿಕೊಂಡು ಬೆಳೆದ ಜನ ನಾವು. ಒಪ್ಪಂದ ಯಾವುದು ಎಂದು ತಿಳಿಯದೆ ತಪ್ಪು ಹುಡುಕಿದರೆ ಎಲ್ಲವೂ ತಪ್ಪಾಗಿಯೇ ಕಾಣುತ್ತದೆ. ರಕ್ಷಿತ್ ಶೆಟ್ಟಿ ನಿರ್ದೇಶನದ ‘ಉಳಿದವರು ಕಂಡಂತೆ’ (2014) ಚಿತ್ರದಲ್ಲಿ ಒಂದೇ ಘಟನೆಯನ್ನು ಬೇರೆ ಬೇರೆಯವರು ನೆನಪಿಸಿಕೊಳ್ಳುತ್ತಾರೆ. ಒಬ್ಬರ ಕಥೆಗೆ ಇನ್ನೊಬ್ಬರ ಕಥೆ ತಾಳೆಯಾಗದಿರುವುದೇ ಅಲ್ಲಿಯ ವಿಷಯ, ಹೆಸರಲ್ಲೇ ಅದನ್ನು ಹೇಳಿಬಿಟ್ಟಿದ್ದಾರೆ. ಕುರೊಸಾವಾ ಅವರ ‘ರಾಶೋಮೊನ್’ (1950) ಜಗತ್ತಿಗೆ ಕಲಿಸಿಕೊಟ್ಟ ದಾರಿ ಅದು. ಅಂಥ ಚಿತ್ರದಲ್ಲಿ ಎರಡು ನೆನಪುಗಳ ನಡುವೆ ವ್ಯತ್ಯಾಸ ಕಂಡರೆ ಗುರುತು ಹಾಕಿಕೊಳ್ಳಿ, ಅದು ಕಥೆಗೆ ಕೀಲಿಕೈ ಆಗಿರಬಹುದು.

ತೆರೆಯ ಹಿಂದಿನ ಅನಿವಾರ್ಯವನ್ನು ಕಥೆಯೊಳಗೆ ತಂದುಕೊಂಡದ್ದಕ್ಕೂ ಕನ್ನಡದ್ದೇ ಉದಾಹರಣೆಯಿದೆ. ‘ಕೆಜಿಎಫ್’ ಮೊದಲ ಭಾಗದಲ್ಲಿ (2018) ಕಥೆ ಹೇಳುವ ಆನಂದ್ ಇಂಗಳಗಿಯಾಗಿ ಅನಂತ್ ನಾಗ್ ಇದ್ದರು. ಎರಡನೆಯ ಭಾಗದಲ್ಲಿ (2022) ಅವರಿಲ್ಲ. ಅದೇ ಪಾತ್ರಕ್ಕೆ ಇನ್ನೊಬ್ಬರನ್ನು ತಂದು ಕೂರಿಸದೆ, ತಂದೆಯ ಅನಾರೋಗ್ಯದಿಂದ ಮಗ ವಿಜಯೇಂದ್ರ ಇಂಗಳಗಿ ಕಥೆ ಮುಂದುವರಿಸುತ್ತಾನೆ ಎಂದು ಮಾಡಿ ಪ್ರಕಾಶ್ ರಾಜ್ ಅವರನ್ನು ಕೂರಿಸಿದರು. ನೋಡುವವರ ತಿಳಿವಳಿಕೆಗೆ ಗೌರವ ಕೊಟ್ಟ ಕೆಲಸ ಅದು.

ಕೊನೆಯದಾಗಿ ನಿಮ್ಮ ಧಾರಾವಾಹಿಗಳು. ಅಲ್ಲಿ ವಾರಕ್ಕೆ ಐದೋ ಆರೋ ಕಂತು ಕೊಡಬೇಕು. ಬ್ಯಾಂಕಿಂಗ್, ಅಂದರೆ ಮೊದಲೇ ತೆಗೆದಿಟ್ಟ ಕಂತುಗಳ ಸಂಗ್ರಹ, ಕಡಿಮೆಯಿದ್ದರೆ ಬೆಳಿಗ್ಗೆ ತೆಗೆದದ್ದು ಒಂದೆರಡು ದಿನದಲ್ಲೇ ಪ್ರಸಾರಕ್ಕೆ ಹೋಗುತ್ತದೆ. ಒಂದು ಮದುವೆಯ ಮುಹೂರ್ತ ಮೂರು ವಾರ ಎಳೆದರೂ ನಡುವೆ ಯುಗಾದಿ ಬಂದರೆ ಯುಗಾದಿ ಆಚರಿಸಲೇಬೇಕು. ಹೀಗಾಗಿ ಬಳೆ ಬದಲಾಯಿತು, ಕುಂಕುಮ ಸರಿಯಿತು ಎಂಬುದನ್ನು ದಯವಿಟ್ಟು ಲೆಕ್ಕಕ್ಕೆ ಹಿಡಿಯಬೇಡಿ. ಪಾತ್ರಧಾರಿ ಬದಲಾದರೂ ಒಂದು ವಾರ ತಾಳಿ, ಹೊಸ ಮುಖಕ್ಕೆ ಕಣ್ಣು ಒಗ್ಗಿಕೊಳ್ಳುತ್ತದೆ. ಆದರೆ ಒಂದು ವಿಷಯದಲ್ಲಿ ಬಿಡಬೇಡಿ. ಸೊಸೆ ಒಂದು ಕಂತಿನಲ್ಲಿ ಕಣ್ಣಾರೆ ಕಂಡ ಮೋಸ ಎರಡು ತಿಂಗಳ ಬಳಿಕ ಅವಳ ನೆನಪಿನಲ್ಲೇ ಇಲ್ಲ, ಅದೇ ಮನುಷ್ಯನನ್ನು ಮೊದಲ ಸಲ ನೋಡಿದ ಹಾಗೆ ನಂಬುತ್ತಾಳೆ, ಯಾಕೆಂದು ಯಾರೂ ಹೇಳುವುದಿಲ್ಲ – ಇದು ಗಂಭೀರವಾದ ದೋಷ. ಅವಳು ಕಂಡದ್ದನ್ನು ನಾವೂ ಜೊತೆಗೆ ಕಂಡಿದ್ದೇವೆ, ಅದಕ್ಕಾಗಿ ಪ್ರತಿ ಸಂಜೆ ಅರ್ಧ ಗಂಟೆ ಕೊಟ್ಟಿದ್ದೇವೆ. ಬರೆಯುವವರ ತಂಡ ಬದಲಾದಾಗ ಹೀಗಾಗುವುದುಂಟು, ಹಳೆಯ ಕಂತುಗಳ ಟಿಪ್ಪಣಿ ಹೊಸಬರ ಕೈಗೆ ಸಿಕ್ಕಿರುವುದಿಲ್ಲ. ಕಂತಿನ ದಿನಾಂಕ ಸಮೇತ ಚಾನೆಲ್‌ಗೆ ಬರೆದು ತಿಳಿಸಿ, ಕಥಾ ವಿಭಾಗದವರಿಗೆ ಅದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಆ ಪತ್ರವನ್ನು ನಿಮ್ಮ ಮೈದುನನ ಕೈಯಲ್ಲಿ ಬರೆಸಿದರೆ ಇನ್ನೂ ಒಳ್ಳೆಯದು.